ತಟ್ಟದೆ ನಂಬದ ಕಿವಿಯಣ್ಣ

ಟಕ್, ಟಕ್, ಆಮೇಲೆ ದೀರ್ಘ ಮೌನ. ಬೆಳಿಗ್ಗೆ ವಸ್ತುಸಂಗ್ರಹಾಲಯದ ಕಾರಿಡಾರಿನಲ್ಲಿ ಈ ಸದ್ದು ಕೇಳಿತೆಂದರೆ ಕಿವಿಯಣ್ಣ ಬಂದರೆಂದೇ ಅರ್ಥ. ಹಳೆಯ ಲೋಹಗಳ ದುರಸ್ತಿ ಅವರ ಕೆಲಸ. ಕಂಚಿನ ಪ್ರತಿಮೆಯಾಗಲಿ, ಕ್ಯಾಂಟೀನಿನ ಬನ್ನಾಗಲಿ, ಬೆರಳಗಿಣ್ಣಿನಿಂದ ತಟ್ಟಿ, ತಲೆ ವಾಲಿಸಿ ಆಲಿಸದೆ ಅವರು ಯಾವುದನ್ನೂ ನಂಬುತ್ತಿರಲಿಲ್ಲ. ಮೊಣಕೈ ಸವೆದ ಬೂದು ಕೋಟು, ಅದರ ಜೇಬಿನಲ್ಲಿ ಹತ್ತಿ, ಬಿದಿರುಕಡ್ಡಿ, ಅರ್ಧ ತಿಂದ ಬಿಸ್ಕತ್ತು; ನೆಲಕ್ಕೆ ನೋವಾದೀತೇನೋ ಎಂಬಂಥ ನಡಿಗೆ.

ಉಗ್ರಾಣದ ಬೀಗದ ಕೈ ಅವರ ಅಕ್ಕನ ಮಗಳ ಬಳಿ ಇತ್ತು. ಹೊಸ ನಿರ್ದೇಶಕರು ಪಟ್ಟಿ ಹಿಡಿದು ವಸ್ತುಗಳನ್ನು ತಾಳೆ ನೋಡಿದಾಗ ಒಂದು ಸಿಕ್ಕಲಿಲ್ಲ: ಮೂವತ್ತು ವರ್ಷಗಳ ಹಿಂದೆ ಉತ್ಖನನದಿಂದ ಬಂದ, ಅದರಲ್ಲಿ ನೀರು ಕುಡಿದವರ ಜ್ವರ ಇಳಿಸುತ್ತದೆಂದು ಶಾಸನವೊಂದು ಹೊಗಳಿದ ಪುರಾತನ ಕಂಚಿನ ಬಟ್ಟಲು. ಉಗ್ರಾಣದ ಹೊಣೆ ವಹಿಸಿಕೊಂಡ ದಿನ ಅಕ್ಕನ ಮಗಳು ಎಲ್ಲವನ್ನೂ ಕಣ್ಣಾರೆ ಕಾಣದೆ ರುಜು ಹಾಕಿದ್ದಳು. ಶನಿವಾರದೊಳಗೆ ಸಿಗದಿದ್ದರೆ ಅವಳ ಮೇಲೆ ಕಳ್ಳತನದ ದೂರು.

ಆರು ದಿನ ಎಲ್ಲರೂ ಪೆಟ್ಟಿಗೆ, ಕಪಾಟು, ಅಟ್ಟ ಜಾಲಾಡಿದರು. ಕೊನೆಗೆ ಆಕೆ ಕಿವಿಯಣ್ಣನ ಮುಂದೆ ಕೂತು ಅತ್ತಳು.

"ಅಳಬೇಡ ಕಣೇ. ಕಣ್ಣೀರಲ್ಲಿ ಉಪ್ಪಿರುತ್ತೆ, ಕಂಚು ಕಿಲುಬು ಹಿಡಿಯುತ್ತೆ."

"ಕಂಚೇ ಇಲ್ವಲ್ಲ ಮಾವ!"

ಶುಕ್ರವಾರ ಬೆಳಿಗ್ಗೆ ಉಗ್ರಾಣದ ಬಾಗಿಲಲ್ಲಿ ಬೂಟಿನ ದಾರ ಕಟ್ಟಲು ಬಗ್ಗಿದ ಕಿವಿಯಣ್ಣ, ಬಾಗಿಲು ಮುಚ್ಚಿಕೊಳ್ಳದಂತೆ ವರ್ಷಗಳಿಂದ ಒತ್ತು ಕೊಟ್ಟಿದ್ದ ಪ್ಲಾಸ್ಟರ್ ಗಡ್ಡೆಯನ್ನು ಅಭ್ಯಾಸಬಲದಿಂದ ತಟ್ಟಿದರು. ತಲೆ ವಾಲಿಸಿದರು. ಮತ್ತೆ ತಟ್ಟಿದರು.

"ಇದು ಪೂರ್ತಿ ಪ್ಲಾಸ್ಟರ್ ಅಲ್ಲ ಕಣೇ. ಮೇಲೆ ಸಿಪ್ಪೆ, ಒಳಗೆ ಮಣ್ಣು. ಬರೀ ಮಣ್ಣಿಗೆ ಯಾರಾದ್ರೂ ಬ್ಯಾಂಡೇಜ್ ಕಟ್ತಾರಾ?"

ಉತ್ಖನನದಲ್ಲಿ ಅಗೆಯುವವರು ಕಟ್ಟುತ್ತಾರೆ, ಮುಟ್ಟಿದರೆ ಮುರಿಯುವ ವಸ್ತುವನ್ನು ಸುತ್ತಲಿನ ಮಣ್ಣಿನ ಸಮೇತ ಪ್ಲಾಸ್ಟರ್ ಬಟ್ಟೆಯಲ್ಲಿ ಸುತ್ತಿ. ಅಂದು ಮಣ್ಣಿನಲ್ಲಿ ಅಂಚು ಕಂಡೊಡನೆ ಪಟ್ಟಿಯಲ್ಲಿ 'ಬಟ್ಟಲು' ಎಂದು ಬರೆದು, ಬಿಡಿಸುವ ಕೆಲಸವನ್ನು ಮುಂದಿನವರಿಗೆ ಉಳಿಸಿದ್ದರು. ಮುಂದಿನವರಿಗೆ ಅದು ಬರೀ ಗಡ್ಡೆಯಾಗಿ ಕಂಡಿತ್ತು. ಸಂಜೆಯವರೆಗೆ ಕಿವಿಯಣ್ಣನ ಕುಂಚ ಮಣ್ಣು ಬಿಡಿಸುತ್ತಾ ಆಡಿತು. ಹಸಿರುಗಟ್ಟಿದ ಬಟ್ಟಲು ಬೋರಲಾಗಿ ಮಲಗಿತ್ತು, ತಳದಲ್ಲಿ ಹೆಬ್ಬೆರಳಗಲದ ತೂತು. ಆಕೆ ಪಟ್ಟಿಯಲ್ಲಿ ಬಟ್ಟಲಿನ ಸಾಲು ಹುಡುಕಿ, ಈ ಸಲ ಕಣ್ಣಾರೆ ಕಂಡು ರುಜು ಹಾಕಿದಳು.

ನಿರ್ದೇಶಕರು ಓಡಿಬಂದರು. "ಇದರಲ್ಲಿ ಕುಡಿದ್ರೆ ಜ್ವರ ಇಳಿಯೋದು ನಿಜವೇನ್ರಿ?"

"ನೀರು ಬಾಯಿಗೆ ಬರೋದರೊಳಗೆ ಮೊಣಕಾಲಿಗೆ ಇಳಿದಿರುತ್ತೆ ಸಾರ್," ಎಂದರು ಕಿವಿಯಣ್ಣ.

ವಸ್ತುವಿನ ಮಹಿಮೆಯ ಚರ್ಚೆ ನಮ್ಮಂಥವರಿಗೆ ಇರಲಿ. ದುರಸ್ತಿಯವರ ಕುಲವೇ ಬೇರೆ: ಕಳೆದದ್ದು ಸಿಕ್ಕಿದಾಗ ಅವರು ಅದರತ್ತ ನೋಡುವುದಿಲ್ಲ, ಅದಿಲ್ಲದೆ ಯಾರ ಜೀವ ಒದ್ದಾಡುತ್ತಿತ್ತೋ ಅವರತ್ತ ನೋಡುತ್ತಾರೆ.

"ನಾಳೆ ಪತ್ರಿಕೆಯವರು ಬಂದಾಗ ನೀವು ನನ್ನ ಪಕ್ಕದಲ್ಲಿ..." ಎಂದು ನಿರ್ದೇಶಕರು ಹೇಳುತ್ತಿದ್ದಂತೆಯೇ ಕಿವಿಯಣ್ಣ ಹೊರಟಿದ್ದರು.

"ಎಲ್ಲಿಗೆ ಮಾವ?"

"ನಿಮ್ಮಮ್ಮನಿಗೆ ಹೇಳಿಬರ್ತೀನಿ."

"ಅಯ್ಯೋ, ಅಮ್ಮನಿಗೆ ವಿಷಯವೇ ಗೊತ್ತಿಲ್ಲ!"

"ಆರು ದಿನದಿಂದ ನಿನ್ನ ಮುಖ ನೋಡ್ತಿದ್ದಾಳಲ್ಲ," ಎಂದರು ಮೆಟ್ಟಿಲಿಳಿಯುತ್ತಾ. ನಿರ್ದೇಶಕರ ಮಾತು ಇನ್ನೂ ಮುಗಿದಿರಲಿಲ್ಲ.