ಎಂಟು ನಿಮಿಷದಲ್ಲಿ ಮುಗಿದ ಶಾಲಾದಿನ

ಪರೀಕ್ಷೆಗೆ ಅದರದೇ ಕೊಠಡಿ ಬೇಕು. ವಿದ್ಯಾರ್ಥಿಗಳ ವಿಷಯದಲ್ಲಿ ಇದನ್ನು ಒಪ್ಪುವವರು ಗಣಕಯಂತ್ರದ ವಿಷಯದಲ್ಲಿ ಮಾತ್ರ ಏಕೆ ಮರೆಯುತ್ತಾರೆ? ದೇವಣಗಾಂವದ ಹಾದಿಯಲ್ಲಿರುವ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯ ಗುರಲಿಂಗಪ್ಪನವರು ಮರೆಯಲಿಲ್ಲ, ತಿಳಿದೂ ನಿರಾಕರಿಸಿದರು. ಅದು ಇನ್ನೂ ದೊಡ್ಡ ತಪ್ಪು.

ಅಲ್ಲಿಯ ಕಂಪ್ಯೂಟರ್ ಶಿಕ್ಷಕಿ ಸುವರ್ಣಾ ಶಾಲೆಯ ಗಂಟೆ ಬಾರಿಸುವ ತಂತ್ರಾಂಶವೊಂದನ್ನು ಬರೆದಿದ್ದರು. ಕಚೇರಿಯ ಕಂಪ್ಯೂಟರು ಹೊತ್ತಿಗೆ ಸರಿಯಾಗಿ ಧ್ವನಿವರ್ಧಕದಲ್ಲಿ ಗಂಟೆ ಹೊಡೆಯುತ್ತಿತ್ತು. ಮಂಗಳವಾರ ಹನ್ನೊಂದಕ್ಕೆ ಪರಿವೀಕ್ಷಕಿ ಸಗೀರಾ ಬರುವವರಿದ್ದರು. ಅವರು ಸಹಿ ಹಾಕಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕಿನ ಶಾಲೆಗಳಿಗೆ ಸುವರ್ಣಾ ಅವರ ತಂತ್ರಾಂಶವೇ ಹೋಗಲಿತ್ತು. ಮೂರು ವರ್ಷದ ಶ್ರಮ ಆ ಒಂದು ಸಹಿಗಾಗಿ ಕಾದಿತ್ತು. ಕೊನೆಯದಾಗಿ ಮಾಡಿದ ತಿದ್ದುಪಡಿಯನ್ನು ಅಂದು ಬೆಳಿಗ್ಗೆ ಪರೀಕ್ಷಿಸುವುದಷ್ಟೇ ಉಳಿದಿತ್ತು.

“ಸರ್, ಈ ಕಂಪ್ಯೂಟರಿನ ಒಳಗ ಇನ್ನೊಂದು ಕಂಪ್ಯೂಟರ್ ಮಾಡ್ತೇನ್ರಿ. ವರ್ಚುವಲ್ ಮಷಿನ್ ಅಂತಾರ. ಅದರ ಗಡಿಯಾರ ಬ್ಯಾರೆ, ಗಂಟಿ ಬ್ಯಾರೆ. ಒಳಗ ಏನಾದ್ರೂ ಹೊರಗ ಗೊತ್ತಾಗಂಗಿಲ್ಲ.”

“ಒಂದು ಸಾಲಿಗೆ ಎರಡು ಹೊತ್ತೇನ್ರಿ? ಒಳಗೊಂದು ಹೊರಗೊಂದು ಇರೋರಿಗೆ ನಾವು ಏನಂತೀವಿ, ಅಕ್ಕೋರ?”

“ಇದು ಮಷಿನ್ನಿನ ಮಾತ್ರಿ ಸರ್, ಮನಷ್ಯಾರದಲ್ಲ.”

“ಸುಳ್ಳು ಅಂದ್ರ ಸುಳ್ಳು. ಏನ್ ಮಾಡೋದಿದ್ರೂ ಬಯಲಾಗ ಮಾಡ್ರಿ.”

“ಸ್ಪೀಕರಿನ ವಾಯರಾದ್ರೂ ಕೀಳ್ಲೇನ್ರಿ?”

“ಗಂಟಿ ಕೇಳದ ಪರೀಕ್ಷಾ ಯಾ ಸೀಮಿ ಪರೀಕ್ಷಾ?”

ಬೇರೆ ದಾರಿಯಿಲ್ಲದೆ ಸುವರ್ಣಾ ಕಚೇರಿಯ ಕಂಪ್ಯೂಟರಿನ ಗಡಿಯಾರವನ್ನೇ ಓಡಿಸಿದರು. ಇಡೀ ಶಾಲಾದಿನ ಎಂಟೇ ನಿಮಿಷದಲ್ಲಿ ಮುಗಿಯುವ ವೇಗ.

ಹತ್ತೂ ಐದಕ್ಕೆ ಪ್ರಾರ್ಥನೆಯ ಗಂಟೆಯಾಯಿತು. ಆಗಲೇ ಒಮ್ಮೆ ಪ್ರಾರ್ಥನೆ ಮುಗಿಸಿದ್ದ ಮಕ್ಕಳು ಮತ್ತೆ ಮೈದಾನಕ್ಕೆ ಓಡಿದರು. ಗಂಟೆಯಾದ ಮೇಲೆ ಕಾರಣ ಕೇಳಬಾರದೆಂದು ಅವರಿಗೆ ಕಲಿಸಿದವರು ಗುರಲಿಂಗಪ್ಪನವರೇ. ಒಂದು ಸಾಲು ಹಾಡುವಷ್ಟರಲ್ಲಿ ಮೊದಲ ಅವಧಿ, ಕೂರುವಷ್ಟರಲ್ಲಿ ಎರಡನೆಯದು. ಗಣಿತದ ದುಂಡೇಶ ಮಾಸ್ತರರು ಸಮೀಕರಣದ ಎಡಭಾಗವನ್ನು ಎಂಟನೆಯ ತರಗತಿಯಲ್ಲೂ ಬಲಭಾಗವನ್ನು ಹತ್ತನೆಯದರಲ್ಲೂ ಬರೆದರು.

“ನಿಲ್ಲಿಸ್ಲೇನ್ರಿ ಸರ್?”

“ಅರ್ಧಕ್ಕ ಬಿಡೋ ಕೆಲಸ ನನ್ನ ಸಾಲ್ಯಾಗ ನಡಿಯಂಗಿಲ್ಲ!”

ಊಟದ ಗಂಟೆಗೆ ಮಕ್ಕಳು ತಟ್ಟೆ ಹಿಡಿದು ಅಡುಗೆಕೋಣೆಯ ಮುಂದೆ ಸಾಲಾಗಿ ನಿಂತರು.

“ಅಕ್ಕಿ ಈಗ ತೊಳ್ಯಾಕತ್ತೇನಿ! ಹೊಟ್ಟ್ಯಾಗ ಏನು ಕೊಳ್ಳಿ ಇಟಗೊಂಡು ಬಂದೀರಿ?” ಎಂದು ಅಡುಗೆಯ ರೇಣವ್ವ ಕೂಗುವಷ್ಟರಲ್ಲಿ ಊಟ ಮುಗಿದ ಗಂಟೆಯೂ ಆಯಿತು. ಶಿಸ್ತಿನ ಮಕ್ಕಳು ಉಣ್ಣದ ತಟ್ಟೆಗಳನ್ನು ಚೆನ್ನಾಗಿ ತೊಳೆದಿಟ್ಟರು.

ಗುರಲಿಂಗಪ್ಪನವರು ಕೊನೆಗೂ ಎಚ್ಚೆತ್ತು ತಡೆಯಲು ಓಡಿದಾಗ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಆರಂಭವಾಗಿತ್ತು. ಅವರು ಓಡುತ್ತಿದ್ದಲ್ಲೇ ನೆಟ್ಟಗೆ ನಿಂತರು. ಅದರಲ್ಲಿ ತಪ್ಪೇನೂ ಇಲ್ಲ. ಗೀತೆ ಮುಗಿಯಿತು, ಗಂಟೆಯಾಯಿತು, ಗೇಟಿನಾಚೆ ಧೂಳೆದ್ದಿತು. ಸಂಜೆಯಾಯಿತೆಂದು ನಂಬಿದ ಕಂಪ್ಯೂಟರು ತಾನೇ ಆರಿತು.

ಹನ್ನೊಂದಕ್ಕೆ ಸಗೀರಾ ಬಂದರು. “ಹುಡುಗರೆಲ್ಲಿ?”

ಗುರಲಿಂಗಪ್ಪನವರು ಸುಳ್ಳಾಡಲಿಲ್ಲ. “ಸಾಲಿ ಬಿಟ್ಟೈತ್ರಿ ಮೇಡಂ. ಹತ್ತೂ ಹದಿಮೂರಕ್ಕ ಸಂಜಿ ಆತು.”

“ನನ್ನ ಅನ್ನ ಮಾತ್ರ ಇನ್ನೂ ಮುಂಜಾನ್ಯಾಗ ಐತ್ರಿ,” ಎಂದಳು ರೇಣವ್ವ.

ಕಥೆ ಕೇಳಿದ ಸಗೀರಾ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಪೆನ್ನನ್ನು ಮುಚ್ಚಿದರು. “ಇದನ್ನ ನಾಲ್ಕು ತಾಲ್ಲೂಕಿಗೆ ಹಚ್ಚಿದ್ರ ಹುಡುಗರು ಒಂದು ವಾರದಾಗ ಡಿಗ್ರಿ ಮುಗಿಸ್ತಾರ. ನಾ ಸಹಿ ಮಾಡಂಗಿಲ್ರಿ.”

ಸುವರ್ಣಾ ತಮ್ಮ ಚೀಲ ಎತ್ತಿಕೊಂಡರು. ಗುರಲಿಂಗಪ್ಪನವರಿಗೆ ಅದನ್ನು ನೋಡಲಾಗಲಿಲ್ಲ.

“ತಪ್ಪು ಅಕ್ಕೋರದಲ್ರಿ ಮೇಡಂ, ನಂದು. ಎರಡನೇ ಗಡಿಯಾರ ಬ್ಯಾಡ ಅಂದಾಂವ ನಾನು. ಅಕ್ಕೋರ, ಅದೇನೋ ಒಳಗಿನ ಕಂಪ್ಯೂಟರ್ ಅಂದ್ರೆಲ್ಲ, ಮಾಡ್ರಿ. ಮೇಡಂ, ಒಂದೆರಡು ತಾಸು ಕುಂದರ್ರಿ.”

ಅವರೇ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದರು. ಆ ವೇಳೆಗೆ ಸುವರ್ಣಾ ಒಳಗಿನ ಕಂಪ್ಯೂಟರನ್ನು ಸಿದ್ಧಮಾಡಿ, ಅದರ ಸದ್ದು ಹೊರಬಾರದಂತೆ ಕಟ್ಟಿಹಾಕಿದ್ದರು. ಪರದೆಯ ಪುಟ್ಟ ಚೌಕದಲ್ಲಿ ಒಂದು ಶೈಕ್ಷಣಿಕ ವರ್ಷವೇ ಓಡಿತು. ಹೊರಗೆ ದುಂಡೇಶ ಮಾಸ್ತರರು ಸಮೀಕರಣದ ಎರಡೂ ಭಾಗಗಳನ್ನು ಒಂದೇ ಹಲಗೆಯ ಮೇಲೆ ಬರೆದರು. ಅನ್ನ ತನ್ನ ಹೊತ್ತಿಗೆ ಬೆಂದಿತು. ಸಗೀರಾ ಸಹಿ ಹಾಕಿದರು.

ಗುರಲಿಂಗಪ್ಪನವರು ಪರದೆಗೆ ಕಿವಿಯಿಟ್ಟರು. “ಒಳಗ ವರ್ಷ ಮುಗೀತೇನ್ರಿ? ಹತ್ತನೇ ಕ್ಲಾಸಿನ ರಿಜಲ್ಟ್ ಎಷ್ಟಾತು?”

“ಒಳಗ ಹುಡುಗರು ಇಲ್ರಿ ಸರ್.”

“ಹಂಗಾದ್ರ ಶಿಸ್ತು ಛಲೋ ಇರಬೇಕು,” ಎಂದರು ಅವರು.