ಹೊಕ್ಕುಳ ಮೇಲಿನ ಕ್ಷತ್ರಪ

ನಾನೊಂದು ಬೆಳ್ಳಿಯ ನಾಣ್ಯ. ಪಡುವಣದ ಒಂದು ಟಂಕಸಾಲೆಯಲ್ಲಿ, ಅಚ್ಚಿನ ಮೇಲೆ ಸುತ್ತಿಗೆ ಬಿದ್ದ ಒಂದೇ ಏಟಿಗೆ ಹುಟ್ಟಿದೆ. ಒಂದು ಬದಿಗೆ ಮೀಸೆಯ ಮುಖ, ಇನ್ನೊಂದು ಬದಿಗೆ ‘ಕ್ಷತ್ರಪ’ ಎಂಬ ಬಿರುದು. ಆ ಬಿರುದಿನ ಮೂಲ ಪರ್ಷಿಯಾ. ಅಲ್ಲಿ ಸಾಮ್ರಾಟನ ಪರವಾಗಿ ದೂರದ ಪ್ರಾಂತ ಆಳುವವನನ್ನು ಹಾಗೆ ಕರೆಯುತ್ತಿದ್ದರು. ನಾಡನ್ನು ಕಾಯುವವನು ಎಂದು ಅರ್ಥ. ಶಕರ ಜೊತೆ ಅದು ಇಲ್ಲಿಗೆ ಬಂತು. ನನ್ನ ಕ್ಷತ್ರಪ ಏನು ಕಾಯ್ದನೋ ಕಾಣೆ. ಅವನ ಸವಾರನ ಸೊಂಟದ ಚೀಲದಲ್ಲಿದ್ದು ನಾನು ಕೇಳಿದ್ದು ಹೆಂಗಸರ ಅಳು, ಹೊಡೆದುಕೊಂಡು ಹೋಗುವ ಎತ್ತುಗಳ ಕೊರಳಗಂಟೆ.

ಆ ಸವಾರ ಸೋತು ಓಡುವಾಗ ನನ್ನನ್ನು ಹೂತಿಟ್ಟ. ಮತ್ತೆ ಬರಲಿಲ್ಲ. ಶತಮಾನಗಳ ಮೇಲೆ, ಕೃಷ್ಣಾ ದಂಡೆಯ ಊರಲ್ಲಿ ಬಚ್ಚಲಗುಂಡಿ ತೋಡುವಾಗ ಭಾಗವ್ವ ಎಂಬ ಮುದುಕಿಗೆ ಸಿಕ್ಕೆ. ದೇವರೆಂದು ತಿಳಿದು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಓಣಿಯ ಮಾಸ್ತರರು ನೋಡಿ ನಕ್ಕರು.

“ದೇವರಲ್ಲ ಆಯಿ, ಸುಬೇದಾರ ಇದ್ದಂಗ. ಕ್ಷತ್ರಪ. ಅಂದ್ರ ನಾಡು ಕಾಯಾಂವ.”

“ನಾಡ ಕಾಯಾಂವಗ ನನ್ನ ಮೊಮ್ಮಗ ಭಾರ ಏನ್ರಿ?”

ಮಾಸ್ತರರು ಮತ್ತೆ ನಕ್ಕು, ಚಹಾ ಕುಡಿದು ಹೋದರು.

ಮೊಮ್ಮಗನ ಹೊಕ್ಕುಳು ಉಬ್ಬಿತ್ತು. ಉಬ್ಬು ಇಳಿಯಲೆಂದು ಅದರ ಮೇಲೆ ನಾಣ್ಯವಿಟ್ಟು ಪಟ್ಟಿ ಕಟ್ಟುವುದು ಆ ಕಡೆಯ ರೂಢಿ. ಭಾಗವ್ವ ಮೊದಲಿದ್ದ ರೂಪಾಯಿ ತೆಗೆದು ನನ್ನನ್ನು ಕಟ್ಟಿದಳು.

ಕೂಸು ಹಸಿರು ಹಸಿರಾಗಿ ಕಾರತೊಡಗಿತು.

“ಅತ್ತಿ, ದವಾಖಾನಿಗೆ ಒಯ್ಯೂಣು,” ಅಂದಳು ಸೊಸೆ ನೀಲವ್ವ.

“ಬಿಚ್ಚಬ್ಯಾಡ. ಅಂವ ಕಾಯಾಕತ್ತಾನ.”

ಭಾಗವ್ವ ಪಟ್ಟಿಯನ್ನು ಇನ್ನಷ್ಟು ಬಿಗಿದಳು. ನನ್ನ ಕೆಳಗೆ ಹೊಕ್ಕುಳು ಕಲ್ಲಾಗಿತ್ತು, ಸುಡುತ್ತಿತ್ತು. ಒಳಗೆ ಕರುಳು ಸಿಕ್ಕಿಕೊಂಡಿತ್ತು. ಕೂಸು ಅಳುವುದನ್ನೂ ಬಿಟ್ಟಿತು. ನನಗೆ ಜಾರಿ ಬೀಳಲೂ ಬರಲಿಲ್ಲ.

ನೀಲವ್ವ ಅತ್ತೆಯ ಕೈ ತಳ್ಳಿ ಪಟ್ಟಿಯನ್ನು ಹಲ್ಲಿನಿಂದ ಕಡಿದಳು. “ನಿನ್ನ ಕಾಯಾಂವ ಹಾಳಾಗಿ ಹೋಗ್ಲಿ!” ನಾನು ನೆಲಕ್ಕೆ ಬಿದ್ದೆ. ಅವಳು ಕೂಸನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನತ್ತ ಓಡಿದಳು.

ಆಪರೇಷನ್ ಆಯಿತು. ಕೂಸು ಉಳಿಯಿತು. ಭಾಗವ್ವ ಮಾತ್ರ ಸೊಸೆಯ ಎದುರು ತಲೆ ಎತ್ತಲಿಲ್ಲ. ನನ್ನನ್ನು ಮಾಸ್ತರರ ಕೈಗೆ ಹಾಕಿ, “ಒಯ್ರಿ ಇದನ್ನ” ಅಂದಳು. ಮಾಸ್ತರರು ಈ ಸಲ ನಗಲಿಲ್ಲ.

ಈಗ ವಸ್ತುಸಂಗ್ರಹಾಲಯವೊಂದರ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಬಿರುದು ಕಾಣಲೆಂದು ಅಕ್ಷರದ ಬದಿಯನ್ನು ಮೇಲೆ ಮಾಡಿದ್ದಾರೆ. ಪಕ್ಕದ ಚೀಟಿ ಓದಿ ಶಾಲೆಯ ಹುಡುಗರು “ಭಾರಿ ಹೆಸರಲೇ!” ಅನ್ನುತ್ತಾರೆ. ಮುಖ ಕೆಳಗೆ ಬಟ್ಟೆಗೆ ಒತ್ತಿಕೊಂಡಿದೆ. ಯಾರೂ ತಿರುಗಿಸದಿರಲಿ.