ಹತ್ತು ಸಾಲಿನ ತಿದ್ದುಪಡಿ

ಟ್ಯಾಂಕಿನ ನೀರಿನ ಮಟ್ಟ ಅಳೆಯುವ ಪೆಟ್ಟಿಗೆ ಮತ್ತೆ ಕೈಕೊಟ್ಟಿದೆ ಎಂದು ಟ್ಯಾಂಕು ಕಾಯುವ ಅಕ್ಕ ಫೋನ್ ಮಾಡಿದಾಗ ಅವನಿಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಖುಷಿ. ದೂರದ ಆಫೀಸಿನಲ್ಲಿ ಕೂತು ಪೆಟ್ಟಿಗೆಯ ಕರ್ನೆಲ್, ಅಂದರೆ ಅದನ್ನು ನಡೆಸುವ ಮೂಲ ಸಾಫ್ಟ್‌ವೇರ್, ನೋಡಿಕೊಳ್ಳುತ್ತಿದ್ದವನು ಅವನೇ. ಐವತ್ತೆರಡರ ಒಂಟಿ ಜೀವ. ವಾರಗಟ್ಟಲೆ ಅವನ ಫೋನಿಗೆ ಬರುತ್ತಿದ್ದುದು ಜಾಹೀರಾತು ಮಾತ್ರ.

"ಕಂಪ್ಯೂಟರಪ್ಪಾ, ನಿನ್ನ ಕೂಸು ಮತ್ತೆ ಮುಷ್ಕರ ಹೂಡಿದೆ."

"ಸ್ವಲ್ಪ ಮೇಲೆ ಹೋಗಿ ಸ್ವಿಚ್ ಆಫ್ ಮಾಡಿ ಆನ್ ಮಾಡ್ತೀರಾ ಅಕ್ಕಾ?"

"ಸ್ವಲ್ಪ ಅಂತೆ! ನೂರಾ ನಲವತ್ತು ಮೆಟ್ಲು!"

ಬೈಯುತ್ತಲೇ ಹತ್ತುತ್ತಾಳೆ, ಹತ್ತುವಷ್ಟು ಹೊತ್ತೂ ಸೊಸೆಯ ಪುರಾಣ ಹೇಳುತ್ತಾಳೆ. ಮುಖ ಕಾಣದ ಆ ಹೆಂಗಸಿನ ಮಾತನ್ನು ಅವನು ಮೈಯೆಲ್ಲ ಕಿವಿಯಾಗಿ ಕೇಳುತ್ತಾನೆ.

ಪೆಟ್ಟಿಗೆಯಲ್ಲೊಂದು ವಾಚ್‌ಡಾಗ್ ಟೈಮರ್ ಇತ್ತು. ನಿಮಿಷದೊಳಗೆ 'ಬದುಕಿದ್ದೇನೆ' ಎಂಬ ಸುದ್ದಿ ಮುಟ್ಟದಿದ್ದರೆ ಅದು ತಾನೇ ಯಂತ್ರವನ್ನು ರೀಸ್ಟಾರ್ಟ್ ಮಾಡುತ್ತದೆ. ಆದರೆ ಅದು ಚಾಲೂ ಆಗುತ್ತಿದ್ದುದು ಪ್ರೋಗ್ರಾಂಗಳೆಲ್ಲ ಎದ್ದ ಮೇಲೆ. ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಏಳುತ್ತ ಏಳುತ್ತಲೇ ಸಿಕ್ಕಿಕೊಂಡರೆ ಹೇಳುವವರಿಲ್ಲ, ಕೇಳುವವರಿಲ್ಲ. ಕರ್ನೆಲ್ ಕಣ್ಣು ಬಿಡುತ್ತಿದ್ದಂತೆಯೇ ಟೈಮರ್ ಚಾಲೂ ಮಾಡಿದರೆ ಮುಗಿಯಿತು. ಹತ್ತೇ ಸಾಲಿನ ಕೆಲಸ.

ಆ ಹತ್ತು ಸಾಲು ಬರೆದು ನಾಲ್ಕು ತಿಂಗಳಾಗಿತ್ತು. ಪೆಟ್ಟಿಗೆ ಏಳುವಾಗ ನಡೆಯುವ ಡಿಸ್ಕ್ ತಪಾಸಣೆಗೇ ಎರಡು ನಿಮಿಷ ಬೇಕು, ಟೈಮರ್ ನಡುವೆಯೇ ಅದರ ಕತ್ತು ಹಿಸುಕೀತು ಎಂದು ಆಫೀಸಿನಲ್ಲಿ ಸಬೂಬು ಹೇಳಿದ್ದ. ಅದನ್ನೂ ಎಂದೋ ಸರಿಮಾಡಿದ್ದ. ಆ ಸಾಲುಗಳನ್ನು ಪೆಟ್ಟಿಗೆಗೆ ಕಳಿಸಿದರೆ ಅಕ್ಕ ಫೋನ್ ಮಾಡುವುದಿಲ್ಲವಲ್ಲ! ಇಂಥವನಿಗೆ ಏನನ್ನೋಣ?

ಅವತ್ತು ಸೊಸೆಯ ಪುರಾಣ ಅರ್ಧಕ್ಕೇ ನಿಂತಿತು.

"ಅಕ್ಕಾ?"

"ಮಂಡಿ ಹಿಡ್ಕೊಂಡ್ಬಿಟ್ಟಿದೆ. ಇರು, ಇಲ್ಲೇ ಕೂತ್ಕೋತೀನಿ."

ಹಲ್ಲು ಕಚ್ಚಿ ಉಸಿರೆಳೆಯುವ ಸದ್ದು ಅವನ ಕಿವಿಗೆ ಬಿತ್ತು. ಅವಳು ಹೇಗೋ ಮೇಲೆ ಹತ್ತಿ ಸ್ವಿಚ್ ಒತ್ತಿದಳು. ಪೆಟ್ಟಿಗೆ ಎದ್ದದ್ದೇ ತಡ, ಅವನು ತಿದ್ದುಪಡಿ ಕಳಿಸಿಬಿಟ್ಟ.

ಆರು ವಾರ ಕಳೆಯಿತು. ಪೆಟ್ಟಿಗೆ ಎರಡು ಸಲ ಸಿಕ್ಕಿಕೊಂಡು ತಾನಾಗಿಯೇ ಎದ್ದದ್ದು ಅದು ಬರೆದಿಡುವ ಲಾಗ್‌ನಲ್ಲಿತ್ತು. ಸಾಹೇಬರು ಬೆನ್ನು ತಟ್ಟಿದರು. ಫೋನ್ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಅವನೇ ಮಾಡಿದ.

"ಏನಪ್ಪಾ, ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ ಅಕ್ಕಾ. ರಿಪೇರಿ ಐದಾರು ತಿಂಗಳ ಹಿಂದೇನೇ ಆಗಿತ್ತು. ನೀವು ಫೋನ್ ಮಾಡೋದು ನಿಂತೋಗುತ್ತೆ ಅಂತ ಇಟ್ಕೊಂಡಿದ್ದೆ."



"ಮಾತಾಡ್ಬೇಕು ಅನ್ಸಿದ್ರೆ ಹೀಗೆ ಒಂದು ಫೋನ್ ಮಾಡಿದ್ರಾಗ್ತಿತ್ತಲ್ಲೋ! ಮೆಟ್ಲು ಯಾಕೋ ಹತ್ತಿಸ್ದೆ?"

ಅದು ತನಗೆ ಹೊಳೆದೇ ಇರಲಿಲ್ಲ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು.